ಡಾಕ್ಟರಕ್ಕನಿಂದ ಬಚ್ಚಿಟ್ಟ ಹಲ್ಲುಗಳು

ಆ ಮೈಕನ್ನು ಆ ಕಡೆ ಇಡಿ ಸ್ವಾಮೀ, ಬೇಡ. ನನ್ನ ಗಂಟಲಿಗೆ ಮೈಕು ಕೊಟ್ಟರೆ ಕಿಟಕಿಯ ಗಾಜು ಉಳಿಯುವುದಿಲ್ಲ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯೇ? — ಕೇಳಿಸುತ್ತಿದೆ. ಹೊರಗೆ ಚಪ್ಪಲಿ ಬಿಡುತ್ತಿರುವವರಿಗೂ ಕೇಳಿಸುತ್ತಿದೆ. ಸರಿ.

ವೇದಿಕೆಯ ಮೇಲಿರುವ ವಿಭಾಗದ ಮುಖ್ಯಸ್ಥರೇ, ನನ್ನ ಸಹೋದ್ಯೋಗಿಗಳೇ, ದಾದಿಯರೇ, ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಭಾವನವರೇ — ಡಾಕ್ಟರಕ್ಕನ ಯಜಮಾನರು ಇವರು, ಹಾಗಾಗಿ ಇಡೀ ಆಸ್ಪತ್ರೆಗೇ ಭಾವ — ಅವರ ಪಕ್ಕದಲ್ಲಿರುವ ಮಗಳೇ, ಗಾಲಿಕುರ್ಚಿ ಬೇಡವೆಂದು ಹಟ ಹಿಡಿದು ಈ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕುಳಿತಿರುವ ಡಾಕ್ಟರಕ್ಕನ ಅತ್ತೆಯವರೇ, ನಿಮಗೆಲ್ಲ ನಮಸ್ಕಾರ. ನಿಮ್ಮ ದುಃಖದಲ್ಲಿ ನಮಗೂ ಒಂದು ಪಾಲಿದೆ. ಅದನ್ನು ಕೊಡಿ ಎಂದು ಕೇಳಲು ಬಂದಿದ್ದೇವೆ.

ಇನ್ನು, ಈ ಸಭಾಂಗಣದ ಮುಕ್ಕಾಲು ಪಾಲು ತುಂಬಿ, ಜಾಗ ಸಾಲದೆ ಗೋಡೆಗೆ ಒರಗಿ ನಿಂತಿರುವ ಡಾಕ್ಟರಕ್ಕನ ರೋಗಿಗಳೇ — ನಿಮಗೂ ನಮಸ್ಕಾರ. ನಿಮ್ಮ ಮೇಲೆ ನನಗೆ ಕೆಂಡದಂಥ ಕೋಪವಿದೆ. ಇವತ್ತು ಅದನ್ನು ಹೇಳದೆ ಇಳಿಯುವವನಲ್ಲ ನಾನು.

ನಾನು ಯಾರು ಎಂದು ತಿಳಿಯದವರಿಗೆ ಹೇಳುತ್ತೇನೆ. ಅವರ ಪಕ್ಕದ ಕೋಣೆಯ ದವಡೆ ಶಸ್ತ್ರವೈದ್ಯ. ನಮ್ಮಿಬ್ಬರ ಕೋಣೆಗಳ ನಡುವೆ ಒಂದು ತೆಳ್ಳನೆಯ ಮರದ ಗೋಡೆ. ನಾನು ಈ ಕಡೆ ರೋಗಿಯನ್ನು ಬಯ್ದರೆ ಆ ಕಡೆಯ ರೋಗಿ ಬೆಚ್ಚಿಬೀಳುತ್ತಿದ್ದ. ಡಾಕ್ಟರಕ್ಕ ಬೆರಳ ಗಂಟಿನಿಂದ ಗೋಡೆಗೆ ಟಕಟಕ ಬಡಿಯುತ್ತಿದ್ದರು. "ಗುಡುಗಪ್ಪ, ಸ್ವಲ್ಪ ಮೆಲ್ಲಗೆ! ಇಲ್ಲಿ ಸೂಜಿ ಹಿಡ್ಕೊಂಡಿದೀನಿ!" ಇಷ್ಟು ವರ್ಷ ಹೀಗೇ ಸಂಸಾರ ಮಾಡಿದೆವು, ಗೋಡೆಯ ಆಚೆ ಈಚೆ.

ಆ ದಿನ ಮಧ್ಯಾಹ್ನ ಅವರು ಒಬ್ಬ ರೋಗಿಯನ್ನು ಬಾಗಿಲವರೆಗೆ ಬೀಳ್ಕೊಟ್ಟು ಬಂದರು. ಬಾಗಿಲವರೆಗೆ! ಯಾವ ಡಾಕ್ಟರು ರೋಗಿಯನ್ನು ನೆಂಟರ ಹಾಗೆ ಬಾಗಿಲವರೆಗೆ ಬಿಟ್ಟು ಬರುತ್ತಾರೆ? ಬಂದು ಕುರ್ಚಿಯಲ್ಲಿ ಕುಳಿತರು, ಎದೆ ಒತ್ತಿಕೊಂಡರು. ಅಷ್ಟೇ. ನಾವು ಓಡಿ ಬರುವ ಹೊತ್ತಿಗೆ — ಅಷ್ಟೇ.

ನನಗಿಂತ ಮೊದಲು ಮಾತಾಡಿದವರು ಏನೇನು ಹೇಳಿದರು, ಕೇಳಿದಿರಲ್ಲ? ತಾಯಿಯಂಥವರು. ದೇವತೆ. ಕರುಣೆಯ ಕಡಲು. ನೀವೆಲ್ಲ ಕಣ್ಣೊರೆಸಿಕೊಂಡಿರಿ. ಒರೆಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ. ಆದರೆ ನಾನು ಹೇಳುತ್ತೇನೆ ಕೇಳಿ: ದೇವತೆ ದೇವತೆ ಎಂದು ಕರೆದು ಕರೆದೇ ನೀವು ಅವರ ಕೆಲಸವನ್ನು ಕೆಡಿಸಿದಿರಿ. ಏಕೆ ಎಂದು ತಿಳಿಯಬೇಕಾದರೆ ಅವರ ಕೆಲಸ ಏನೆಂದು ತಿಳಿಯಬೇಕು. ಸ್ವಲ್ಪ ತಾಳ್ಮೆ ಇರಲಿ.

ಎಲ್ಲರೂ ಒಮ್ಮೆ ಕೆಳದವಡೆಯ ಮೇಲೆ ಬೆರಳಿಡಿ. — ಇಡಿ ಸ್ವಾಮೀ, ನಾಚಿಕೆ ಯಾಕೆ? — ಒಳಗೆ ಗಟ್ಟಿಯಾಗಿ ಸಿಗುತ್ತದಲ್ಲ, ಅದು ಮೂಳೆ. ಅದನ್ನು ಕಲ್ಲು ಎಂದುಕೊಂಡಿದ್ದೀರಿ. ಅದಕ್ಕೆ ಜೀವವಿದೆ. ಹಲ್ಲು ಇರುವ ತನಕ ಹಿಡಿದುಕೊಂಡು ನಿಲ್ಲುತ್ತದೆ. ಹಲ್ಲು ಕಿತ್ತಿರೋ, ಕೆಲಸ ಕಳೆದುಕೊಂಡವನ ಹಾಗೆ ದಿನದಿನಕ್ಕೆ ಸೊರಗಿ ಕರಗುತ್ತದೆ. ಆಮೇಲೆ ನೀವು ಬರುತ್ತೀರಿ — "ಡಾಕ್ಟ್ರೇ, ಹೊಸ ಹಲ್ಲು ಕೂರಿಸಿ." ಎಲ್ಲಿ ಕೂರಿಸೋಣ? ಇಂಪ್ಲಾಂಟ್ ಎನ್ನುತ್ತೀರಲ್ಲ, ಅದು ಒಂದು ಪುಟ್ಟ ಟೈಟಾನಿಯಂ ತಿರುಪು. ಕಚ್ಚಿಕೊಳ್ಳಲು ಅದಕ್ಕೆ ಮೂಳೆ ಬೇಕು. ಉದುರುವ ಗೋಡೆಗೆ ಮೊಳೆ ಹೊಡೆದು ಅದಕ್ಕೆ ಗಡಿಯಾರ ತೂಗುಹಾಕಲು ಆಗುತ್ತದೆಯೇ?

ಅದಕ್ಕೆ ಮೂಳೆಯನ್ನು ಹೊಸದಾಗಿ ಕಟ್ಟಬೇಕು. ಇದು ಈಗ ಜಗತ್ತಿನಲ್ಲಿ ಅನೇಕ ಕಡೆ ನಡೆದಿರುವ ಕೆಲಸ. ನಮ್ಮ ಡಾಕ್ಟರಕ್ಕನದೂ ಒಂದು ದಾರಿ ಇತ್ತು. ಮೈಯೆಲ್ಲ ತೂತಾದ ಬಿಳಿ ಪುಡಿ. ಅದಕ್ಕೆ ರೋಗಿಯದೇ ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತೆಗೆದ ಲೋಳೆಯಂಥ ಪೊರೆ. ಎರಡನ್ನೂ ಸೇರಿಸಿ ದವಡೆಯ ಹಳ್ಳಕ್ಕೆ ತುಂಬಿ ಹೊಲಿದುಬಿಟ್ಟರೆ, ದೇಹವೇ ಮೆಲ್ಲಗೆ ಆ ತೂತುಗಳೊಳಗೆ ನುಗ್ಗಿ ಮೂಳೆ ಕಟ್ಟುತ್ತದೆ. ಪುಡಿ ಕರಗಿ ಜಾಗ ಬಿಡುತ್ತದೆ. ಎಕ್ಸ್‌ರೇಯಲ್ಲಿ ಮೊದಲ ಸಲ ಅದನ್ನು ನೋಡಿದ ದಿನ ಈ ಹೆಂಗಸು ಆ ಫಿಲ್ಮನ್ನು ಲಿಫ್ಟಿನವನಿಗೂ ತೋರಿಸಿದರು. ಅವನು ಪಾಪ, "ಯಾರದಕ್ಕಾ ಇದು, ಮಗುದಾ?" ಎಂದು ಕೇಳಿದ.

ಆದರೆ ಮೂಳೆ ಕಟ್ಟಿತೆಂದು ಅವರು ಅಲ್ಲಿಗೇ ನಿಲ್ಲಲಿಲ್ಲ. ಅವರ ಪ್ರಶ್ನೆ ಬೇರೆಯೇ. ಕಟ್ಟಿದ್ದು ಉಳಿಯುತ್ತದೆಯೇ? ಸಕ್ಕರೆ ಕಾಯಿಲೆ ಇರುವವರಲ್ಲಿ ಉಳಿಯುತ್ತದೆಯೇ? ಸಿಗರೇಟು ಬಿಡದವರಲ್ಲಿ? ಸರಿಯಾಗಿ ಹಲ್ಲುಜ್ಜಲು ಸೋಮಾರಿತನ ಮಾಡುವ ನಿಮ್ಮಂಥವರಲ್ಲಿ? ತಿರುಪಿನ ಸುತ್ತ ವಸಡು ಕೆಟ್ಟರೆ ನೋವೇ ಇರುವುದಿಲ್ಲ, ಗೊತ್ತೇ? ಸ್ವಲ್ಪ ರಕ್ತ, ಸ್ವಲ್ಪ ವಾಸನೆ. ಒಳಗೆ ಮೂಳೆ ಸದ್ದಿಲ್ಲದೆ ಇಳಿಯುತ್ತಿರುತ್ತದೆ. ಒಂದು ದಿನ ಊಟದ ನಡುವೆ ಹಲ್ಲು, ತಿರುಪು, ಎಲ್ಲ ಕೈಗೆ ಬರುತ್ತದೆ.

ಅದಕ್ಕೇ ಅವರು ನಿಮಗೆಲ್ಲ ಕೈಮುಗಿದು ಹೇಳಿದ್ದು — ವರ್ಷಕ್ಕೊಮ್ಮೆ ಬನ್ನಿ, ಬಾಯಿ ತೋರಿಸಿ ಹೋಗಿ, ಅಷ್ಟೇ ಸಾಕು.

ಬಂದಿರಾ?

ಮೊದಲ ವರ್ಷ ಜಾತ್ರೆಯಂತೆ ಬಂದಿರಿ. ಆಮೇಲೆ ಕಾರಿಡಾರಿನ ಬೆಂಚು ತೆಳುವಾಗುತ್ತ ಹೋಯಿತು. ಬಂದವರದ್ದೆಲ್ಲ ಗಟ್ಟಿ. ಒಬ್ಬೊಬ್ಬರದೂ ಬಂಡೆ! ಬಾರದವರು ಎಲ್ಲಿ ಹೋದರು, ಯಾರಿಗೂ ತಿಳಿಯದು.

ಆಗ ನಮ್ಮ ಮುಖ್ಯಸ್ಥರು ಒಂದು ಸಭೆ ಕರೆದರು. ನಗಬೇಡಿ ಸರ್, ನಿಮ್ಮ ಮಾತು ನಿಮ್ಮೆದುರೇ ಹೇಳುತ್ತೇನೆ. ಇವರು ಅಂದರು: "ಬಂದವರದ್ದೆಲ್ಲ ಚೆನ್ನಾಗಿದೆ ಮೇಡಂ. ಬರ್ದೇ ಇರೋರು ಆರಾಮಾಗಿದಾರೆ ಅಂತ್ಲೇ ಅರ್ಥ. ತೊಂದ್ರೆ ಇದ್ದಿದ್ರೆ ಓಡಿ ಬರ್ತಿರ್ಲಿಲ್ವಾ? ಹಾಗಂತ್ಲೇ ವೈದ್ಯಕೀಯ ಪತ್ರಿಕೆಗೆ ಬರೆದು ಕಳಿಸಿಬಿಡಿ."

ಡಾಕ್ಟರಕ್ಕ ಏನು ಹೇಳಿದರು? ದನಿ ಏರಿಸಲಿಲ್ಲ. ಆ ಹೆಂಗಸಿಗೆ ದನಿ ಏರಿಸಲು ಬರುತ್ತಲೇ ಇರಲಿಲ್ಲ. "ಸರ್, ನಮ್ಮನೆಗೆ ಬರೋದು ಬಿಟ್ಟಿರೋ ನೆಂಟರೆಲ್ಲ ನಮ್ಮ ಮೇಲೆ ಪ್ರೀತಿ ಇರೋರೇ ಅಂತ ಹೇಳೋಕಾಗುತ್ತಾ?" ಅಂದರು.

ನಮ್ಮ ಮುಖ್ಯಸ್ಥರು ಚಹಾದ ಲೋಟದೊಳಗೆ ನೋಡಿಕೊಂಡರು.

ಅವತ್ತಿನಿಂದ ಶುರುವಾಯಿತು ಈ ಮಹಾತಾಯಿಯ ದಂಡಯಾತ್ರೆ. ಮೊದಲು ಫೋನು. ಅತ್ತ ಕಡೆಯಿಂದ ನೀವು ಏನು ಹೇಳುತ್ತಿದ್ದಿರಿ? "ಸೂಪರಾಗಿದೆ ಅಕ್ಕ! ನೀವು ಹಾಕಿದ ಹಲ್ಲು ಅಲ್ವಾ, ಕಬ್ಬಿಣ! ನಮ್ಮ ಹಲ್ಲಿಗಿಂತ ಅದೇ ಚೆನ್ನಾಗಿದೆ!" ಇವರು ಫೋನಿಟ್ಟು ತಲೆಯಾಡಿಸುತ್ತಿದ್ದರು. "ಫೋನಲ್ಲಿ ಹಲ್ಲು ಕಾಣಲ್ಲ ಗುಡುಗಪ್ಪ. ಇದನ್ನ ಹೇಗೆ ನಂಬಲಿ?"

ಆಮೇಲೆ ಮನೆಮನೆಗೆ. ರಜೆಯ ದಿನ ಮಗಳ ಸ್ಕೂಟರಿನ ಹಿಂದೆ ಕುಳಿತು, ಚೀಲದಲ್ಲಿ ಬಾಯಿಗನ್ನಡಿ, ಟಾರ್ಚು ಹಾಕಿಕೊಂಡು ಹೊರಟರು. ಮಗಳೇ, ಸುಳ್ಳಾದರೆ ಹೇಳಮ್ಮ. ಬಾಗಿಲು ತಟ್ಟಿದರೆ ಮನೆಯವರು ಇಷ್ಟೇ ಇಷ್ಟು ತೆರೆದು — ಹೀಗೆ, ಒಂದು ಕಣ್ಣು ಕಾಣುವಷ್ಟು — "ಯಜಮಾನ್ರು ಊರಲ್ಲಿಲ್ಲ ಅಕ್ಕ" ಎನ್ನುವುದು. ಒಳಗೆ ಮಂಚದ ಮೇಲೆ ಯಜಮಾನರು ಕೆಮ್ಮುವುದು! ತರಕಾರಿ ಮಾರುವ ಆ ಹೆಣ್ಣುಮಗಳು ಇವರನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗಿಬಿಡುತ್ತಿದ್ದಳು. ಇಲ್ಲೇ ಎಲ್ಲೋ ಇದ್ದಾಳೆ. ತಲೆ ತಗ್ಗಿಸಬೇಡ ತಾಯಿ, ನಿನ್ನೊಬ್ಬಳನ್ನೇ ಹೇಳುತ್ತಿಲ್ಲ.

ಒಂದು ಸಂಜೆ ಇಬ್ಬರೂ ಕೈ ತೊಳೆಯುತ್ತಿದ್ದೆವು. ಒಂದೇ ನಲ್ಲಿ, ಒಬ್ಬರಾದ ಮೇಲೆ ಒಬ್ಬರು. ಅವರು ನೀರು ಹರಿಯಲು ಬಿಟ್ಟು ಸುಮ್ಮನೆ ನಿಂತಿದ್ದರು. ನಾನು ರೇಗಿದೆ: "ನಲ್ಲಿ ನಿಲ್ಸಿ ತಾಯಿ!" ನಿಲ್ಲಿಸಿದರು. ಆಮೇಲೆ ಕೇಳಿದರು:

"ಗುಡುಗಪ್ಪ, ನಾನು ಯಾರಿಗಾದ್ರೂ ಏನಾದ್ರೂ ಅಂದುಬಿಟ್ನಾ?"

"ನೀವಾ? ಅನ್ನೋದಾ? ಸೂಜಿ ಚುಚ್ಚೋಕೆ ಮುಂಚೆ ಸೂಜಿ ಹತ್ರನೂ ಕ್ಷಮೆ ಕೇಳೋ ಗಿರಾಕಿ ನೀವು!"

"ಮತ್ಯಾಕೆ ಯಾರೂ ಬರ್ತಿಲ್ಲ? ನನ್ನ ಮುಖ ನೋಡೋಕೇ ಇಷ್ಟ ಇಲ್ವೇನೋ. ಎಲ್ಲೋ ಏನೋ ನೋಯಿಸಿದೀನಿ. ಗೊತ್ತಾಗ್ತಿಲ್ಲ."

ತನ್ನ ರೋಗಿಗಳಿಗೆ ತಾನು ಬೇಡವಾದೆ ಎಂದು ನಂಬಿಕೊಂಡೇ ಆ ಹೆಂಗಸು ಹೋದರು. ಕೇಳಿಸಿತೇ? — ಹಾಗೆ ನಂಬಿಕೊಂಡೇ ಹೋದರು.

ಅವರ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ಅವರ ಮನೆಯಲ್ಲಿ. ಅವರನ್ನು ಒಳಕೋಣೆಯಲ್ಲಿ ಮಲಗಿಸಿದ್ದ ದಿನ.

ನಡುಮನೆಯಲ್ಲಿ ಜನ ತುಂಬಿದ್ದರು. ನಮ್ಮ ಆಸ್ಪತ್ರೆ ಎದುರಿನ ಕ್ಷೌರದಂಗಡಿಯವರು ಬಾಗಿಲ ಬಳಿ ಕುಸಿದು ಕುಳಿತು "ಅಕ್ಕಾ" ಎಂದು ಬಾಯಿಬಿಟ್ಟು ಅಳುತ್ತಿದ್ದರು. ನಾನು ಸಮಾಧಾನ ಮಾಡಲು ಬಗ್ಗಿದೆ. ನನ್ನ ಹಾಳು ಕಣ್ಣು, ಎಲ್ಲಿದ್ದರೂ ಮೊದಲು ಬಾಯೊಳಗೇ ಹೋಗುತ್ತದೆ. ಮೇಲ್ದವಡೆಯಲ್ಲಿ, ಕೋರೆಹಲ್ಲಿನ ಪಕ್ಕ — ಖಾಲಿ!

"ಹಲ್ಲೆಲ್ಲಿ ರೀ?"

"ಯಾವ ಹಲ್ಲು ಸಾರ್?"

"ಡಾಕ್ಟರಕ್ಕ ಹಾಕಿದ್ದು!"

ಅವರು ಅಳು ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದರು. "ಬಿದ್ದೋಯ್ತು ಸಾರ್. ಆಗ್ಲೇ ಬಿದ್ದೋಯ್ತು."

"ಹೇಳ್ಬೇಕು ತಾನೇ!"

"ಹೆಂಗ್ ಹೇಳ್ಲಿ ಸಾರ್? ಅಷ್ಟು ಪ್ರೀತಿಯಿಂದ ಹಾಕಿದ್ರು. ಬಿತ್ತು ಅಂದ್ರೆ ಅಕ್ಕ ಬೇಜಾರು ಮಾಡ್ಕೊಳಲ್ವಾ? ಎಸೆಯೋಕೂ ಮನಸ್ಸಾಗ್ಲಿಲ್ಲ. ಅಂಗಡೀಲಿ, ಕತ್ತರಿ ಡಬ್ಬೀಲಿ ಇಟ್ಟಿದೀನಿ."

ನಾನು ತಲೆ ಎತ್ತಿದೆ. ಸುತ್ತ ನೋಡಿದೆ. ಅಯ್ಯೋ ನನ್ನ ಕರ್ಮವೇ! ನಡುಮನೆಯಲ್ಲಿ ಅಳುತ್ತಿದ್ದ ಜನರಲ್ಲಿ ಎಷ್ಟೋ ಮಂದಿ ಬಾಯಿಗೆ ಸೆರಗು, ಕರವಸ್ತ್ರ, ಅಂಗೈ! ಅದುವರೆಗೂ ದುಃಖಕ್ಕೆ ಮುಚ್ಚಿಕೊಂಡಿದ್ದಾರೆ ಎಂದುಕೊಂಡಿದ್ದೆ!

ನನಗೆ ಮೈಮೇಲೆ ಬಂದಂತಾಯಿತು. ಮೊಬೈಲಿನ ಟಾರ್ಚು ಹಚ್ಚಿದೆ. "ಬಾಯಿ ತೆಗೀರಿ!" ಎಂದೆ. ಸಾವಿನ ಮನೆ! ಒಳಗೆ ಅವರು ಮಲಗಿದ್ದಾರೆ! ಹೊರಗೆ ನಾನು ಒಬ್ಬೊಬ್ಬರ ಗದ್ದ ಹಿಡಿದು ದವಡೆ ನೋಡುತ್ತಿದ್ದೇನೆ! ಯಾರೋ ದೂರದ ನೆಂಟರು "ಇದ್ಯಾವ ಪದ್ಧತಿ?" ಎಂದು ಪಿಸುಗುಟ್ಟಿದರು. ಬ್ಯಾಂಕಿನ ಗುಮಾಸ್ತೆ ಪಟ್ಟಣದ ಆಚೆ ತುದಿಯ ಕ್ಲಿನಿಕ್ಕಿಗೆ ಹೋಗಿ ಅಲ್ಲಾಡುತ್ತಿದ್ದ ತಿರುಪನ್ನು ತೆಗೆಸಿ, ಅಲ್ಲಿ ಬೇರೆ ಕಟ್ಟುಹಲ್ಲು ಹಾಕಿಸಿಕೊಂಡಿದ್ದಳು. "ಅಕ್ಕಂಗೆ ಹೇಳ್ಬೇಡಿ ಸಾರ್" ಎಂದಳು. ಅಕ್ಕ ಒಳಕೋಣೆಯಲ್ಲಿ ಹೆಣವಾಗಿ ಮಲಗಿದ್ದಾರೆ, ಈ ಪುಣ್ಯಾತಗಿತ್ತಿ ನನ್ನ ಕೈ ಹಿಡಿದು, ಅಕ್ಕಂಗೆ ಹೇಳಬೇಡಿ ಎನ್ನುತ್ತಾಳೆ!

ಅಷ್ಟರಲ್ಲಿ ಮೂಲೆಯಿಂದ ಒಂದು ಕೂಗು. "ಏಯ್ ಗಂಟಲಯ್ಯ, ಇಲ್ಲಿ ಬಾ."

ಅತ್ತೆಯವರು. ಅಮ್ಮ, ಹೇಳಲೇ? — ಹೇಳು ಎಂದು ಕೈ ಮಾಡುತ್ತಿದ್ದಾರೆ.

ನೋಡಿ, ಈ ಅತ್ತೆ ಸೊಸೆಯ ವಿಷಯ ನಮಗೆಲ್ಲ ಗೊತ್ತು. ಸೊಸೆ ಮಾಡಿದ ಅಡುಗೆಗೆ ಉಪ್ಪು ಕಮ್ಮಿ. ಒಗೆದ ಬಟ್ಟೆಯಲ್ಲಿ ಸೋಪು ಹಾಗೇ ಇದೆ. ಕೆಲಸ ಮುಗಿಸಿ ಬಂದರೆ ಲೇಟು, ಬೇಗ ಬಂದರೆ ಯಾಕೆ ಇಷ್ಟು ಬೇಗ. ಡಾಕ್ಟರಕ್ಕನೇ ನಗುತ್ತ ಹೇಳುತ್ತಿದ್ದರು, "ನಮ್ಮತ್ತೆ ನನ್ನ ಉಸಿರಾಟದಲ್ಲೂ ಒಂದು ತಪ್ಪು ಹುಡುಕ್ತಾರೆ ಗುಡುಗಪ್ಪ" ಎಂದು. ಈ ಅಮ್ಮನಿಗೆ ಹಳೆಯ ಸಕ್ಕರೆ ಕಾಯಿಲೆ. ಸೊಸೆಯೇ ಮೂಳೆ ಕಟ್ಟಿ, ಕೆಳದವಡೆಗೆ ಹಲ್ಲು ಕೂರಿಸಿದ್ದರು.

ಅಮ್ಮ ಬಾಯಿ ತೆರೆದರು. ಎಡಗಡೆ — ಬಯಲು.

"ಯಾವಾಗ ಬಿತ್ತಮ್ಮ?"

"ಬಿದ್ದು ಬಹಳ ದಿನ ಆಯ್ತು."

"ಒಂದೇ ಮನೇಲಿದೀರಿ! ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತ ದಿನಾ ಹೇಳ್ತಿದ್ರಿ! ಇದೊಂದು ಹೇಳೋಕಾಗ್ಲಿಲ್ವಾ?"

"ಅದೆಲ್ಲ ಹೇಳ್ಬೋದು ಕಣೋ. ಅದು ಬಾಯಿಮಾತು. ಇದನ್ನ ಹೆಂಗ್ ಹೇಳ್ಲಿ? ನನಗೆ ಹಲ್ಲು ಕೂರಿಸೋ ದಿನ ಅವಳು ಬೆಳಗ್ಗೆಯಿಂದ ಒಂದು ತುತ್ತೂ ತಿಂದಿರ್ಲಿಲ್ಲ. ಕೂತ್ಮೇಲೆ ನನ್ನ ಬಾಯಿನ ಬೀದಿಗೆಲ್ಲ ತೋರಿಸ್ಕೊಂಡು ಬಂದ್ಲು. ಆಮೇಲಾಮೇಲೆ, ತೋರಿಸಿ ಅತ್ತೆ, ಒಂದ್ಸಲ ನೋಡ್ತೀನಿ ಅಂತ ಗೋಗರೆಯೋಳು. ಮನೇಲೂ ನಿನ್ನ ಆಸ್ಪತ್ರೆನಾ ಅಂತ ಗದರಿಸಿ ಬಾಯಿ ಮುಚ್ಕೊಂಡೆ. ಒಂದೇ ಕಡೆ ಅಗೀತಿದ್ದೆ. ಅವಳು ಅಡುಗೆಮನೆಗೆ ಹೋದಾಗ ನುಂಗಿಬಿಡ್ತಿದ್ದೆ."

ಸೊಸೆಯ ಎಲ್ಲ ತಪ್ಪನ್ನೂ ಡಂಗುರ ಸಾರಿದ ಅತ್ತೆ ಇದೊಂದನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದರು!

ಈಗ ಹೇಳಿ, ನನಗೆ ತಲೆ ಕೆಡಬೇಕೋ ಬೇಡವೋ?

ನನ್ನನ್ನು ನೋಡಿ. ನನ್ನ ರೋಗಿಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಒಂದು ಹೊಲಿಗೆ ಸಡಿಲವಾದರೆ ಸಾಕು, ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ, ಜಗಳಕ್ಕೆ! ಮನೆಯವರನ್ನೂ ಕರೆತರುತ್ತಾರೆ, ಬಯ್ಯಲು ಒಂದು ಬಾಯಿ ಸಾಲದಿದ್ದರೆ ಇರಲಿ ಎಂದು. ಹಾಗಾಗಿ ನನ್ನದು ಎಲ್ಲಿ ಕೆಟ್ಟಿದೆ, ಎಲ್ಲಿ ಉಳಿದಿದೆ ಎಂದು ನನಗೆ ಪೂರ್ತಿ ಗೊತ್ತು. ಆ ಹೆಂಗಸು ನನಗಿಂತ ಹತ್ತು ಪಾಲು ಒಳ್ಳೆಯ ವೈದ್ಯೆ. ಅವರಿಗೆ ತಮ್ಮ ಕೈಯ ಕೆಲಸ ಏನಾಯಿತೆಂದೇ ತಿಳಿಯದಂತೆ ಮಾಡಿದಿರಲ್ಲ ಮಹಾನುಭಾವರೇ!

ಬೇಜಾರಾಗುತ್ತಾರೆ ಎಂದು ಹೇಳಲಿಲ್ಲವಂತೆ. ಅವರಿಗೆ ಬೇಕಾಗಿದ್ದೇ ಅದು! ಬಿದ್ದ ಹಲ್ಲು ಬೇಕಾಗಿತ್ತು! ಯಾರದು ಬಿತ್ತು, ಏಕೆ ಬಿತ್ತು, ಮೊದಲು ರಕ್ತ ಬಂದದ್ದು ಯಾವಾಗ — ಇದಕ್ಕಾಗಿ ಸ್ಕೂಟರಿನ ಹಿಂದೆ ಕುಳಿತು ಬಿಸಿಲಲ್ಲಿ ಅಲೆದರು ಆ ತಾಯಿ. ವಸಡು ಕೆಟ್ಟ ಮೊದಲಲ್ಲೇ ಬಂದಿದ್ದರೆ, ತಿರುಪಿನ ಸುತ್ತ ಶುಚಿಮಾಡಿ ನಿಮ್ಮಲ್ಲಿ ಎಷ್ಟೋ ಜನರ ಹಲ್ಲನ್ನು ಉಳಿಸಿಯೂ ಕೊಡುತ್ತಿದ್ದರು. ನೀವು ಅವರ ಮನಸ್ಸು ಉಳಿಸಲು ಹೋಗಿ ಹಲ್ಲನ್ನೂ ಕಳೆದುಕೊಂಡಿರಿ, ಅವರ ಮನಸ್ಸನ್ನೂ ನೋಯಿಸಿದಿರಿ. ಭಲೇ ವ್ಯಾಪಾರ!

ಇನ್ನು ಮುಂದಿನ ಮಾತು ಕೇಳಿ, ಇದೇ ಮುಖ್ಯ. ಡಾಕ್ಟರಕ್ಕನ ಪುಡಿ ಬೇಕು, ವಿಧಾನ ಹೇಳಿಕೊಡಿ ಎಂದು ಬೇರೆ ಆಸ್ಪತ್ರೆಗಳವರು ಕೇಳುತ್ತಿದ್ದಾರೆ. ನಮ್ಮ ಮುಖ್ಯಸ್ಥರಿಗೆ ಆತುರ. ಅವರ ಹೆಸರಿನಲ್ಲೇ ಬೇಗ ಪ್ರಕಟಿಸೋಣ, ಅದೇ ನಿಜವಾದ ಶ್ರದ್ಧಾಂಜಲಿ ಎನ್ನುತ್ತಾರೆ. ಏನೆಂದು ಪ್ರಕಟಿಸುತ್ತೀರಿ ಸರ್? ಬಂದವರದ್ದೆಲ್ಲ ಗಟ್ಟಿ, ಸಕ್ಕರೆ ಕಾಯಿಲೆಯವರಿಗೂ ಭಯವಿಲ್ಲ ಎಂದೇ? ಅದನ್ನು ನಂಬಿ ಯಾವುದೋ ಊರಿನ ಡಾಕ್ಟರು ಯಾವುದೋ ಅಜ್ಜಿಯ ದವಡೆ ಕೊಯ್ಯುತ್ತಾನೆ. ಹಲ್ಲು ಬೀಳುವಾಗ ಅದರ ಜೊತೆಗೆ, ಆ ಅಜ್ಜಿಗೆ ಇದ್ದ ಅಷ್ಟಿಷ್ಟು ಮೂಳೆಯೂ ಹೋಗುತ್ತದೆ. ಡಾಕ್ಟರಕ್ಕನ ಹೆಸರಿನಲ್ಲಿ ಹೋಗುತ್ತದೆ! ಈ ಗಂಟಲಲ್ಲಿ ಉಸಿರಿರುವ ತನಕ ಅದು ಆಗದು.

ಬಹುಶಃ ಅವರ ದಾರಿ ಒಳ್ಳೆಯದೇ ಇರಬಹುದು. ಕೆಲವರಿಗೆ ಆಗಿಬರುತ್ತದೆ, ಕೆಲವರಿಗೆ ಆಗದು ಎಂದಿರಬಹುದು. ಸಕ್ಕರೆ ಹತೋಟಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಬೇಡ ಎಂದಿರಬಹುದು. ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಒಂದೇ ದಾರಿ. ನೀವು ಬಾಯಿ ಬಿಡಬೇಕು.

ಪಕ್ಕದ ಕೋಣೆಯಲ್ಲಿ ಕುರ್ಚಿ ಹಾಕಿಸಿದ್ದೇನೆ. ಕನ್ನಡಿ ಇದೆ, ದೀಪ ಇದೆ, ಬರೆದುಕೊಳ್ಳಲು ಮಗಳು ಇದ್ದಾಳೆ. ಅವಳೇ ಮುಂದೆ ಬಂದು ಒಪ್ಪಿಕೊಂಡಳು.

ಈಗ ನಾವೆಲ್ಲ ಎದ್ದು, ಒಂದು ನಿಮಿಷ ಅವರಿಗಾಗಿ ಸುಮ್ಮನಿರೋಣ. ನಿಮಿಷ ಮುಗಿದು ನಾನು ಸಾಕು ಎಂದಾಗ, ಹಲ್ಲು ಗಟ್ಟಿಯಾಗಿರುವವರು ಕುಳಿತುಕೊಳ್ಳಿ, ಕುರ್ಚಿ ಸಿಗದವರು ನೆಲದ ಮೇಲೆ. ಬಿದ್ದವರು, ಅಲ್ಲಾಡುತ್ತಿರುವವರು, ಕದ್ದು ಬೇರೆ ಕಡೆ ತೆಗೆಸಿಕೊಂಡವರು — ನಿಂತೇ ಇರಿ. ಮುಖ್ಯಸ್ಥರೇ, ನಿಂತವರನ್ನು ಎಣಿಸುವ ಕೆಲಸ ನಿಮ್ಮದು. ಬಾರದವರು ಎಲ್ಲಿದ್ದಾರೆ ಎಂದು ಅವರು ನಿಮ್ಮನ್ನು ಕೇಳುತ್ತಲೇ ಇದ್ದರಲ್ಲ, ನೋಡಿಕೊಳ್ಳಿ. ಯಾರೂ ಹೆದರಬೇಡಿ, ನಾನು ಬಯ್ಯುವುದಿಲ್ಲ. — ಇಲ್ಲ, ಸುಳ್ಳು. ಬಯ್ಯುತ್ತೇನೆ. ಆದರೂ ನಿಂತಿರಿ.

ಎಲ್ಲರೂ —

ಅಮ್ಮ? ಇದೇನಮ್ಮ, ನಾನಿನ್ನೂ ಹೇಳಿಯೇ ಇಲ್ಲ! ನೋಡಿ, ಅತ್ತೆಯವರು ಆಗಲೇ ಎದ್ದುಬಿಟ್ಟಿದ್ದಾರೆ. ಭಾವ, ಹಿಡ್ಕೋಬೇಡಿ, ಬಿಡಿ. ಪಕ್ಕದ ಕುರ್ಚಿ ಹಿಡಿದುಕೊಂಡಿದ್ದಾರೆ, ಅವರ ಪಾಡಿಗೆ ನಿಲ್ಲಲಿ. ಏನೋ ಹೇಳುತ್ತಿದ್ದಾರೆ. — ಏನಮ್ಮ? — "ಬೇಗ ಶುರು ಮಾಡೋ, ಕಾಲು ನಡುಗ್ತಿದೆ. ಕೊನೇತನಕ ನಿಲ್ಬೇಕಲ್ಲ ನಾನು" ಅಂತಿದ್ದಾರೆ.

ಏಳಿ. ಎಲ್ಲರೂ ಏಳಿ.

ಮೌನ.